ಮನೆ ಸಾಗಿಸುವಾಗ ಸಸಿ ಬಿಟ್ಟು ಹೋಗಿ

ಹೊಸ ತೋಟ ಮಾಡುವುದು ಹೇಗೆ ಎಂದು ನಮ್ಮಂಥ ಕೃಷಿಕರು ಸಾಕಷ್ಟು ಬರೆದಿದ್ದಾರೆ. ಹಳೆ ಮನೆ ಬಿಡುವುದು ಹೇಗೆ ಎಂದು ಬರೆದವರು ಕಡಿಮೆ. ಬಿಡುವವನಿಗೆ ಬರೆಯುವ ಮನಸ್ಸು ಇರುವುದಿಲ್ಲ, ಇದ್ದರೂ ಹೊತ್ತು ಇರುವುದಿಲ್ಲ. ನನಗೆ ಈಗ ಸ್ವಲ್ಪ ಹೊತ್ತು ಸಿಕ್ಕಿದೆ. ಒಂದು ಮಾತನ್ನು ಜೋರಾಗಿ ಹೇಳಬೇಕೂ ಅನಿಸಿದೆ. ಕೆಲವರಿಗೆ ಕಹಿ ಆದೀತು.

ನಮ್ಮದು ಸುಳ್ಯ ತಾಲೂಕಿನ ಸಂಪಾಜೆ ಕಡೆ, ಪಯಸ್ವಿನಿ ಹೊಳೆಯ ಬದಿ. ಅಜ್ಜ ಮಾಡಿದ ಮೂರು ಎಕರೆ ಅಡಿಕೆ ತೋಟ, ಅದರ ಮೇಲ್ಭಾಗದಲ್ಲಿ ಅಪ್ಪ ನೆಟ್ಟ ಮಂಗಳ. ಹಳದಿ ಎಲೆ ರೋಗದ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾದ್ದು ಎಂತದೂ ಇಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು: ಸೋಗೆಯ ತುದಿಯಿಂದ ಹಳದಿ ಇಳಿಯುತ್ತದೆ, ತಲೆ ಸಣ್ಣದಾಗುತ್ತದೆ, ಅಡಿಕೆ ಒಳಗೆ ಕಪ್ಪಾಗಿ ಮಾರಲಿಕ್ಕೆ ಆಗುವುದಿಲ್ಲ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡ ರೋಗ ಇದು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವುದು, ಒಂದು ಜಾತಿಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ದಾಟಿಸುವುದು. ಮರದ ರಸನಾಳದ ಒಳಗೇ ಇರುವ ಕಾರಣ ಹೊರಗಿನಿಂದ ಹೊಡೆದು ಕೊಲ್ಲುವ ಮದ್ದು ಇಲ್ಲ. ಕೊಳೆರೋಗವಾದರೆ ಬೋರ್ಡೋ ಹೊಡೆಯಬಹುದು. ಇದಕ್ಕೆ ಹೊಡೆಯುವುದು ಎಂತ?

ನಮ್ಮ ತೋಟದಲ್ಲಿ ಒಂದು ಕಾಲಕ್ಕೆ ಮೂವತ್ತು ಕ್ವಿಂಟಾಲ್ ಚಾಲಿ ಆಗುತ್ತಿತ್ತು. ಬಿಡುವ ವರ್ಷ ಆದದ್ದು ಮೂರು. ತೆಂಗು, ರಬ್ಬರು, ತಾಳೆ ಅಂತ ನೆರೆಯವರು ಒಂದೊಂದು ದಾರಿ ಹಿಡಿದರು, ಅದು ತಪ್ಪಲ್ಲ. ನಾನು ಮತ್ತು ಮಗ ಯೋಚನೆ ಮಾಡಿ 2021ರಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನಲ್ಲಿ ನಾಲ್ಕು ಎಕರೆ ಜಾಗ, ಅದರಲ್ಲೇ ಒಂದು ಹಂಚಿನ ಮನೆ ಹಿಡಿದೆವು. ಬಿಡಾರ ಎತ್ತಿದ್ದು 2023ರ ಮೇ ತಿಂಗಳಿನಲ್ಲಿ. ನಡುವಿನ ಎರಡು ವರ್ಷ ಹೋದದ್ದು ತಯಾರಿಗೆ.

ಎರಡು ವರ್ಷ ಯಾಕೆ ಎಂದು ಕೇಳಿದವರಿದ್ದಾರೆ. ಪೇಟೆಯವರು ಒಂದು ವಾರದಲ್ಲಿ ಮನೆ ಖಾಲಿ ಮಾಡ್ತಾರೆ. ನೀವು ಹೊರಡ್ತೀರಿ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಲಾರಿಗೆ ಎಷ್ಟು ಹೇಳಿದ?" ಲಾರಿ ಕಟ್ಟಕಡೆಯ ದಿನದ ಕೆಲಸ ಮಾರಾಯ್ರೆ. ಕೃಷಿಕನ ಮನೆ ಎತ್ತುವುದು ಅವನ ತೋಟದ ಪಂಚಾಂಗ ನೋಡಿ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಕೊಯ್ಲು ಸುರುವಾಗುವುದು ನವೆಂಬರಿನಲ್ಲಿ, ಕೊನೆಯದ್ದು ಮುಗಿಯುವಾಗ ಫೆಬ್ರವರಿ, ಮಾರ್ಚಿ. ಚಾಲಿ ಒಣಗಲಿಕ್ಕೆ ನಲ್ವತ್ತು ನಲ್ವತ್ತೈದು ಬಿಸಿಲು ಬೇಕು. ಅಂಗಳ ಖಾಲಿಯಾಗುವುದು ಏಪ್ರಿಲಿನಲ್ಲಿ. ಮಕ್ಕಳ ಪರೀಕ್ಷೆಯೂ ಅಷ್ಟರಲ್ಲೇ ಮುಗಿಯುವುದು. ಜೂನ್ ಬಂತೆಂದರೆ ಘಾಟಿಯ ಭರವಸೆ ಇಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಸಂಪಾಜೆ-ಮಡಿಕೇರಿ ರಸ್ತೆ ಮುಚ್ಚಿಹೋದದ್ದನ್ನು ಕಂಡವರು ನಾವು. ಶಿರಾಡಿ ಘಾಟಿಯೂ ಮಳೆಗಾಲದಲ್ಲಿ ಯಾವಾಗ ಕೈ ಕೊಡ್ತದೆ ಹೇಳಲಿಕ್ಕಾಗದು. ಹಾಗಾಗಿ ಕರಾವಳಿಯಿಂದ ಘಟ್ಟ ಹತ್ತುವವನಿಗೆ ಸಿಗುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಆರು ವಾರ. ಅದು ತಪ್ಪಿದರೆ ಮುಂದಿನ ವರ್ಷವೇ. ನಾವು ಆ ವರ್ಷ ಮೇ 10ರ ವಿಧಾನಸಭಾ ಚುನಾವಣೆ ಇದೆ ಎಂಬುದನ್ನು ಮರೆತಿದ್ದೆವು. ಗಾಡಿ ಸಿಗುವುದೇ ಕಷ್ಟವಾಯಿತು. ಮತ ಹಾಕಿ, ಮತ್ತೆ ನಾಲ್ಕು ದಿನ ಕಾದು ಹೊರಟೆವು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಅಮ್ಮ ತನ್ನ ಊರಿನಲ್ಲಿ ಕೊನೆಯ ಸಲ ಓಟು ಹಾಕಿದಳು.

ಆದರೆ ಹೊರಡುವ ಮೊದಲು, ಹಿಂದಿನ ವರ್ಷದ ಏಪ್ರಿಲಿನಲ್ಲಿ, ನಾನೂ ಮನೆಯವಳೂ ಆ ಹೊಸ ಮನೆಯಲ್ಲಿ ಹತ್ತು ದಿನ ಇದ್ದು ಬಂದೆವು. ಎರಡು ಚಾಪೆ, ಒಂದು ಸ್ಟೌ, ನಾಲ್ಕು ಪಾತ್ರೆ. ಇಷ್ಟು ಉಪಯೋಗದ ಹತ್ತು ದಿನ ನನ್ನ ಆಯುಷ್ಯದಲ್ಲಿ ಬೇರೆ ಇಲ್ಲ. ಜಾಗ ನೋಡಲಿಕ್ಕೆ ಎಲ್ಲರೂ ಹೋಗುವುದು ದೀಪಾವಳಿಯ ಹೊತ್ತಿಗೆ. ಆಗ ಬಯಲುಸೀಮೆಯೂ ಹಸುರಾಗಿರುತ್ತದೆ, ಬೋರಿನಲ್ಲಿ ನೀರೂ ಇರುತ್ತದೆ. ಏಪ್ರಿಲಿನಲ್ಲಿ ಹೋಗಿ, ಮಧ್ಯಾಹ್ನ ಎರಡು ಗಂಟೆಗೆ ಆ ಅಂಗಳದಲ್ಲಿ ನಿಲ್ಲಿ. ತ್ರೀ ಫೇಸ್ ಕರೆಂಟು ದಿನಕ್ಕೆ ಎಷ್ಟು ಗಂಟೆ, ಹಗಲೋ ರಾತ್ರಿಯೋ, ಬೋರು ಎಷ್ಟು ಹೊತ್ತು ಎಳೆದರೆ ಗಾಳಿ ಬಿಡ್ತದೆ, ಎಲ್ಲ ಅಲ್ಲೇ ಗೊತ್ತಾಗ್ತದೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ 600ರ ಆಸುಪಾಸು. ಈ ಅಂಕಿ ನನಗೆ ಮೊದಲೇ ಗೊತ್ತಿತ್ತು. ಸ್ನಾನಕ್ಕೆ ಒಂದು ಬಕೆಟ್ ಅಂತ ಮನೆಯವಳು ಗೆರೆ ಎಳೆದಾಗ ಅದರ ಅರ್ಥ ಗೊತ್ತಾಯಿತು.

ಕುಡಿಯುವ ನೀರಿನದ್ದು ದೊಡ್ಡ ವಿಷಯ. ಗುಡ್ಡದ ಒರತೆ ನೀರು ಪೈಪಿನಲ್ಲಿ ಅಡುಗೆ ಮನೆಗೇ ಬರುತ್ತಿದ್ದ ಮನೆ ನಮ್ಮದು. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಉಂಟು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲಿಕ್ಕೆ ಆಗದು, ಹಲ್ಲಿಗೂ ಎಲುಬಿಗೂ ಕೇಡು. ನೀರಿನ ಪರೀಕ್ಷೆಯನ್ನು ಜಾಗ ಕೊಳ್ಳುವ ಮೊದಲು ತೋಟಕ್ಕಾಗಿ ಮಾಡಿಸಿದ್ದೆವು, ಕುಡಿಯಲಿಕ್ಕೆ ಆಗ್ತದಾ ಅಂತ ಮಾಡಿಸಿರಲಿಲ್ಲ! ಆ ಹತ್ತು ದಿನದಲ್ಲಿ ಬೋರಿನ ನೀರಲ್ಲಿ ಬೇಳೆ ಬೇಯದೆ ಇದ್ದಾಗ ಬುದ್ಧಿ ಬಂತು. ಈಗ ಮಾಡಿನ ಮಳೆನೀರು ಹಿಡಿಯಲಿಕ್ಕೆ ಒಂದು ಟಾಂಕಿ ಕಟ್ಟಿಸಿದ್ದೇವೆ. ಅದು ಸಾಲದ ತಿಂಗಳುಗಳಲ್ಲಿ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರ್ತೇವೆ. ಸಾಮಾನು ಕಟ್ಟುವ ಮೊದಲೇ ಟಾಂಕಿ ಆಗಿತ್ತು.

ಕಾಗದ ಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳ ಟಿ.ಸಿ., ರೇಶನ್ ಕಾರ್ಡು, ಗ್ಯಾಸು, ಆಧಾರಿನ ವಿಳಾಸ, ಬ್ಯಾಂಕು, ಮತದಾರ ಪಟ್ಟಿ ಇವೆಲ್ಲ ಓಡಾಟದ ಕೆಲಸ, ಆದರೆ ಆಗುವ ಕೆಲಸ. ಬೆಳೆ ರಕ್ಷಣೆಯ ಕೋವಿ ಇದ್ದವರು ಅದನ್ನು ಸಾಮಾನಿನೊಟ್ಟಿಗೆ ಲಾರಿಗೆ ಹಾಕುವ ಯೋಚನೆ ಮಾಡಬೇಡಿ. ಪರವಾನಿಗೆಯ ವಿಳಾಸ ಬದಲಾವಣೆಗೆ ಎರಡೂ ಜಿಲ್ಲೆಯಲ್ಲಿ ಮೊದಲೇ ವಿಚಾರಿಸಿ. ಹಳೆ ಬಾಗಿಲು, ತೊಲೆ ಅಂತ ಮರ ಒಯ್ಯುವವರು ಅರಣ್ಯ ಇಲಾಖೆಯಲ್ಲಿ ಕೇಳಿಯೇ ಒಯ್ಯಿರಿ. ಒಣ ಅಡಿಕೆ ಇದ್ದರೆ ಊರಿನಲ್ಲೇ ಮಾರಿ ಮುಗಿಸಿ, ದಾರಿಯಲ್ಲಿ ಗೋಣಿ ಬಿಚ್ಚಿಸಿ ಲೆಕ್ಕ ಹೇಳುವ ಕಷ್ಟ ಬೇಡ. ನನ್ನನ್ನು ಸತಾಯಿಸಿದ್ದು ಸಾಲದ ಪತ್ರ ಮಾತ್ರ. ಸಾಲ ಪೂರ್ತಿ ಕಟ್ಟಿ ಆಗಿತ್ತು. ಅಡವಿನ ಹೆಸರು ಪಹಣಿಯಿಂದ ತೆಗೆಸಲಿಕ್ಕೆ ಹೊಸದುರ್ಗದಿಂದ ಮೂರು ಸಲ ಬರಬೇಕಾಯಿತು. ಒಂದೊಂದು ಸಲಕ್ಕೂ ಎರಡು ದಿನ. ಊರಲ್ಲಿದ್ದಾಗ ಬೈಕಿನಲ್ಲಿ ಹೋಗಿ ಅರ್ಧ ಗಂಟೆ ಕೂತರೆ ಆಗುತ್ತಿದ್ದ ಕೆಲಸ. ಸಾಲ ತೀರಿತು ಅಂತ ರಶೀದಿ ಸಿಕ್ಕಿದ ಕೂಡಲೇ ಸಮಾಧಾನ ಪಡಬೇಡಿ, ಪಹಣಿಯ ಹನ್ನೊಂದನೇ ಕಾಲಂ ಖಾಲಿಯಾದದ್ದನ್ನು ಕಣ್ಣಾರೆ ನೋಡಿ.

ದನಗಳದ್ದು ಬೇರೆಯೇ ಕಥೆ. ಜರ್ಸಿ ಎರಡನ್ನು ಮಾರಿದೆವು, ಆ ಬಿಸಿಲಿಗೆ ಅವು ಬೇಡ ಅಂತ. ಮಲೆನಾಡು ಗಿಡ್ಡ ಮೂರನ್ನು ಬಿಡಲಿಕ್ಕೆ ಮನಸ್ಸಾಗಲಿಲ್ಲ. ಜಾನುವಾರು ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಜತೆಯಲ್ಲಿರಬೇಕು ಎಂಬುದು 1978ರ ನಿಯಮ. ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ಮುಖ ಎಂಜಿನ್ ಕಡೆಗೆ ಇದ್ದರೆ ಒಳ್ಳೆಯದು, ಕಾಲಡಿಗೆ ಹಾಸು ಬೇಕು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಸಂತೆ, ಸಾಗಾಟ ಎಲ್ಲ ನಿಲ್ಲಿಸಿದ್ದು ನೆನಪಿರಬಹುದು, ಅಂಥ ಹೊತ್ತಿನಲ್ಲಿ ಸಾಗಿಸುವ ಹಟ ಬೇಡ. ನಮ್ಮ ಒಂದು ಗಿಡ್ಡ ತುಂಬಿದ ಗಬ್ಬ. ಅದನ್ನು ತಂಗಿಯ ಮನೆಯ ಹಟ್ಟಿಯಲ್ಲಿ ಬಿಟ್ಟು, ಕರು ಹಾಕಿದ ಮೇಲೆ ನವೆಂಬರಿನಲ್ಲಿ ತಂದೆವು. ಉಳಿದ ಎರಡಕ್ಕೆ ವೈದ್ಯರ ಕಾಗದ, ಕಿವಿ ಬಿಲ್ಲೆಯ ನಂಬರು, ಹೊಸ ಜಾಗದ ಪಹಣಿಯ ಪ್ರತಿ, ಎಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಡ್ರೈವರನ ಕೈಗೆ ಕೊಟ್ಟಿದ್ದೆ. ದಾರಿಯಲ್ಲಿ ಎರಡು ಕಡೆ ತಡೆದು ಕೇಳಿದರು, ತೋರಿಸಿದ, ಬಿಟ್ಟರು.

ಇಲ್ಲಿಂದ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಎರಡು ದನಕ್ಕೆ ಡಾಕ್ಟರ ಕಾಗದ ಕೇಳಿದ ಅದೇ ದಾರಿಯಲ್ಲಿ, ಅದೇ ತಿಂಗಳು, ಅಡಿಕೆ ಸಸಿ ತುಂಬಿದ ಪಿಕಪ್ಪುಗಳು ಘಟ್ಟ ಹತ್ತುತ್ತಿದ್ದವು. ನಾವು ಚಹಾಕ್ಕೆ ನಿಂತಲ್ಲೇ ಒಂದು ನಿಂತಿತ್ತು. ಎಲ್ಲಿಯ ಸಸಿ ಅಂತ ಕೇಳಿದರೆ "ಕೆಳಗಿನದ್ದು" ಅಂದ. ಕೆಳಗೆ ಎಂದರೆ ಯಾವ ಊರು, ಯಾವ ತೋಟ? ಅವನಿಗೂ ಗೊತ್ತಿಲ್ಲ, ಕೊಳ್ಳುವವನೂ ಕೇಳುವುದಿಲ್ಲ.

ಅವನನ್ನು ದೂರುವ ಮೊದಲು ನನ್ನ ಮನೆಯ ಸಂಗತಿ ಹೇಳಬೇಕು. ಹೊರಡುವ ಹಿಂದಿನ ವರ್ಷ ಅಮ್ಮ ಹಟ್ಟಿಯ ಹಿಂದೆ ನೂರ ಇಪ್ಪತ್ತು ಸಸಿ ಮಾಡಿದ್ದಳು. ನನಗೆ ಹೇಳಿರಲಿಲ್ಲ. ತೋಟದ ಮೇಲಿನ ಕೊನೆಯಲ್ಲಿ ಅಪ್ಪ ನೆಟ್ಟ ಮಂಗಳದಲ್ಲಿ ಒಂದು ಹನ್ನೆರಡು ಮರ ಹಸುರಾಗಿಯೇ ಉಳಿದಿತ್ತು. ಸುತ್ತ ಎಲ್ಲ ಹಳದಿ, ನಡುವೆ ಇವು. ಅದರ ಗೋಟು ಹೆಕ್ಕಿ, ಮರಳಿನಲ್ಲಿ ಮೊಳಕೆ ಬರಿಸಿ, ತೊಟ್ಟೆಗೆ ಹಾಕಿ, ದಿನಾ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಾಳೆ. ಎಂಬತ್ತೊಂದು ವರ್ಷದ ಜೀವ. ಏಪ್ರಿಲಿನಲ್ಲಿ ಎರಡೆಲೆ ಬಿಟ್ಟು ಚಂದ ಆಗಿತ್ತು.

"ಅಪ್ಪನ ಕೈಯ ಮರ. ಅಲ್ಲಿ ನೆಟ್ಟರೆ ಅವರೂ ಬಂದ ಹಾಗೆ ಆಗ್ತದೆ" ಅಂದಳು.

ನಾನು ಬೇಡ ಅಂದೆ. ಎರಡು ದಿನ ಅಮ್ಮ ಮಾತಾಡಲಿಲ್ಲ. ನೆರೆಮನೆಯ ಭಾವ ಬಂದು ನನಗೇ ಬುದ್ಧಿ ಹೇಳಿದರು, "ನಿನ್ನದು ಅತಿ ಆಯಿತು. ಆ ಹನ್ನೆರಡು ಮರಕ್ಕೆ ರೋಗ ಇಲ್ಲ, ಕಣ್ಣಿಗೆ ಕಾಣ್ತದಲ್ಲ. ರೋಗ ತಡೆಯುವ ಶಕ್ತಿ ಇರುವ ಮರ ಅದು. ಬೇಕಾದರೆ ಬಂಗಾರದ ಹಾಗೆ ಒಯ್ಯಬೇಕು."

ಭಾವನ ಮಾತಿನಲ್ಲಿ ಅರ್ಧ ನಿಜ ಉಂಟು. ರೋಗದ ನಡುವೆ ಹಸುರಾಗಿ ಉಳಿದ ಮರಗಳನ್ನು ಗುರುತಿಸಿ ಅವುಗಳಿಂದ ತಾಳಿಕೊಳ್ಳುವ ತಳಿ ಪಡೆಯುವ ಕೆಲಸವನ್ನು ಸಿ.ಪಿ.ಸಿ.ಆರ್.ಐ. ವಿಜ್ಞಾನಿಗಳು ಮಾಡುತ್ತ ಬಂದಿದ್ದಾರೆ. ಅಂಗಾಂಶ ಕೃಷಿಯಿಂದ ಅಂಥ ಮರಗಳ ಸಸಿ ಮಾಡುವ ಪ್ರಯತ್ನವೂ ನಡೆದಿದೆ. ಆದರೆ ಅದು ಪರೀಕ್ಷೆ ಮಾಡಿ, ವರ್ಷಗಟ್ಟಲೆ ಕಾದು ಮಾಡುವ ಕೆಲಸ. ಸೋಂಕು ತಗಲಿದ ಗಿಡ ಕೂಡಲೇ ಹಳದಿ ಆಗುವುದಿಲ್ಲ, ಹಸುರಾಗಿ ಕಂಡದ್ದೆಲ್ಲ ಆರೋಗ್ಯ ಅಲ್ಲ. ಹಳದಿ ತೋಟದ ನಡುವೆ, ಹಟ್ಟಿಯ ಹಿಂದೆ, ಒಂದು ವರ್ಷ ಬಯಲಲ್ಲೇ ಇದ್ದ ಸಸಿ ಅದು. ಜಿಗಿಹುಳು ಅಮ್ಮನ ಸಸಿ ಅಂತ ಬಿಟ್ಟಿರುತ್ತದಾ? ಅಂಥ ಮರ ನಿಮ್ಮಲ್ಲಿ ಇದ್ದರೆ ವಿಟ್ಲದ ಕೇಂದ್ರಕ್ಕೋ ಕಾಸರಗೋಡಿಗೋ ಒಂದು ಪತ್ರ ಬರೆಯಿರಿ. ನೀವೇ ಹೊತ್ತುಕೊಂಡು ಇನ್ನೊಂದು ಜಿಲ್ಲೆಗೆ ಹೋಗಬೇಡಿ. ರೋಗ ಬಂದ ಪ್ರದೇಶದಿಂದ ನೆಡುವ ವಸ್ತು ಒಯ್ಯಬಾರದು ಅಂತ ಅವರು ಹೇಳ್ತಾ ಬಂದದ್ದು ನಿನ್ನೆ ಮೊನ್ನೆಯಿಂದ ಅಲ್ಲ. ನಾವು ಕೇಳಲಿಲ್ಲ ಅಷ್ಟೆ.

ಇನ್ನೊಂದು ವಾದ ಉಂಟು, ಅದನ್ನು ಹೇಳುವವರೇ ಹೆಚ್ಚು: "ಆ ಒಣ ಊರಿಗೆ ಈ ರೋಗ ಬರುವುದಿಲ್ಲ, ಅಲ್ಲಿನ ಹವೆಯೇ ಬೇರೆ." ಇರಬಹುದು. ಆದರೆ ಬೇರೆ ಬೇರೆ ಪೀಡೆಗಳ ವಿಷಯದಲ್ಲಿ ನಾವು ಇದೇ ಮಾತು ಹೇಳಿ ಹೇಳಿ ಕೆಟ್ಟವರು. 1998ರಲ್ಲಿ ಕೇರಳದ ಎರ್ನಾಕುಳಂ ಕಡೆ ತೆಂಗಿನ ನುಸಿ ಕಂಡಾಗ ಅದು ಕೇರಳದ ಸಂಗತಿ ಅಂದರು. ಕೆಲವೇ ವರ್ಷದಲ್ಲಿ ಬಯಲುಸೀಮೆಯ ತೆಂಗಿನ ತೋಟಗಳಲ್ಲೂ ಕಾಯಿ ಸುಕ್ಕುಗಟ್ಟಿತು. ಬಾಳೆಯ ಗೊಂಚಲು ತಲೆ ರೋಗ 1940ರ ಹೊತ್ತಿಗೆ ಸಿಲೋನಿನಿಂದ ಕೇರಳಕ್ಕೆ ಬಂದದ್ದು, ಕಂದಿನ ಜತೆಗೇ ಮುಂದೆ ಹಬ್ಬಿತು. ನುಸಿಯನ್ನು ಗಾಳಿಯೂ ಒಯ್ದೀತು. ಕಂದನ್ನು ಒಯ್ದದ್ದು ಮನುಷ್ಯನೇ. ನನ್ನಂಥ ಒಬ್ಬ, ಮನೆ ಬಿಡುವಾಗ, ಪ್ರೀತಿಯಿಂದ ಒಯ್ದಿರಬೇಕು.

ನಾನು ಜಾಗ ತೆಗೆದುಕೊಂಡ ಊರಿನವರು ಹಳದಿ ಎಲೆ ರೋಗದ ಹೆಸರು ಕೇಳಿದ್ದರು, ಕಂಡವರಲ್ಲ. ಬೋರು ಬತ್ತಿ, ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಿಕೊಂಡ ಜನ. 2022ರಲ್ಲಿ ಮಾರಿಕಣಿವೆ ಎಂಬತ್ತೊಂಬತ್ತು ವರ್ಷದ ನಂತರ ಕೋಡಿ ಬಿದ್ದಾಗ ಅವರಿಗೆ ಆದ ಸಂತೋಷವನ್ನು ನಾನು ನೋಡಿದ್ದೇನೆ. ಅಂಥವರ ಮಗ್ಗುಲಿಗೆ ಹೋಗಿ ಕೂತುಕೊಳ್ಳುವ ನಾನು, ಕೈಯಲ್ಲಿ ಎಂತ ಹಿಡಿದುಕೊಂಡು ಹೋಗಬೇಕು? ನನ್ನ ತೋಟ ಹೋಯಿತು, ಅದು ನನ್ನ ಗ್ರಹಚಾರ. ಅವರದ್ದು ಹೋದರೆ ಅದು ನನ್ನ ಕೆಲಸ.

ಇದನ್ನೇ ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇಲ್ಲೇ ನೆಡು" ಅಂದಳು. ತೋಟ ಕೊಂಡವರು ಒಪ್ಪಿದರು. ನೂರ ಇಪ್ಪತ್ತನ್ನೂ ಸತ್ತ ಮರಗಳ ಎಡೆಯಲ್ಲಿ ನೆಟ್ಟು ಬಂದೆವು. ಅದರಲ್ಲಿ ಎಷ್ಟು ಉಳಿದೀತು ಅಂತ ನಾನು ಕೇಳುವುದಿಲ್ಲ. ಅಮ್ಮ ಆಗಾಗ ಫೋನಿನಲ್ಲಿ ಕೇಳ್ತಾಳೆ, ಅವರು "ಚಂದ ಉಂಟು" ಅನ್ನುತ್ತಾರೆ.

ಅಡಿಕೆ ಮಾತ್ರ ಅಲ್ಲ. ಒಳ್ಳೆಮೆಣಸಿನ ಬೇರು ಬಂದ ಬಳ್ಳಿಯನ್ನೂ ಬಿಟ್ಟೆವು. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಇರುತ್ತದೆ, ಜಂತುಹುಳುಗಳೂ ಬೇರಿನ ಜತೆ ಬರುತ್ತವೆ. ಬಾಳೆ ಕಂದು ಬೇಡ, ಗೆಡ್ಡೆ ಕೊರೆಯುವ ಮೂತಿಹುಳ ಅದರಲ್ಲೇ ಪ್ರಯಾಣ ಮಾಡ್ತದೆ. ಹೂವಿನ ಚಟ್ಟಿಗಳನ್ನು ನೆರೆಯವರಿಗೆ ಹಂಚಿದೆವು. ನಮ್ಮ ಗೆರೆ ಇಷ್ಟೇ: ಮಣ್ಣು ಹಿಡಿದದ್ದು ಯಾವುದೂ ಲಾರಿ ಹತ್ತಬಾರದು.

ಹಾಗಂತ ಬರಿಗೈಯಲ್ಲಿ ಹೋಗಲಿಲ್ಲ. ಹಿಂದಿನ ಬೇಸಿಗೆಯಲ್ಲೇ ತರಕಾರಿ ಬೀಜ ಮಾಡಿಟ್ಟಿದ್ದೆವು: ಊರ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ, ಅಲಸಂಡೆ, ಸಾಂಬಾರು ಸೌತೆ. ತೊಳೆದು, ಒಣಗಿಸಿ, ಬೂದಿ ಬೆರೆಸಿ, ಬಾಟ್ಲಿಯಲ್ಲಿ ಹಾಕಿ ಹೆಸರು ಬರೆದು ಅಂಟಿಸಿದ್ದು. ಮಿಡಿ ಉಪ್ಪಿನಕಾಯಿಯ ಕಾಟು ಮಾವಿನ ಮರ ಒಂದಿತ್ತು, ಅದರ ಕಡ್ಡಿ ಕೊಯ್ದು ಒದ್ದೆ ಬಟ್ಟೆ ಸುತ್ತಿ ಒಯ್ದು ಅಲ್ಲಿಯ ಮಾವಿನ ಗಿಡಕ್ಕೆ ಕಸಿ ಕಟ್ಟಿದೆವು. ಹತ್ತರಲ್ಲಿ ಮೂರು ಹಿಡಿಯಿತು. ಬಸಳೆಗೆ ಮಾತ್ರ ನಾನು ಸೋತೆ. "ಬಸಳೆ ಇಲ್ಲದ ಊರಿಗೆ ನೀವೇ ಹೋಗಿ" ಅಂದಳು ಮನೆಯವಳು. ಬೇರಿಲ್ಲದ ನಾಲ್ಕು ದಂಟನ್ನು ಮೂರು ನೀರಲ್ಲಿ ತೊಳೆದು ಅವಳ ಕೈಚೀಲದಲ್ಲೇ ತಂದಳು. ನಿಯಮ ಮುರಿದದ್ದು ನಿಜ, ಒಪ್ಪಿಕೊಳ್ತೇನೆ. ಈಗ ಊಟಕ್ಕೆ ಕೂತಾಗ ನಾನೇ ಹೆಚ್ಚು ಬಡಿಸಿಕೊಳ್ಳುವುದು.

ಉಪಕರಣ ತೊಳೆಯಲಿಕ್ಕೆ ಎರಡು ದಿನ ಬೇಕಾಯಿತು. ಹಾರೆ, ಗುದ್ದಲಿ, ಪಿಕ್ಕಾಸು, ಕಳೆ ಕೊಚ್ಚುವ ಯಂತ್ರ, ಟಿಲ್ಲರಿನ ಚಕ್ರ, ಸ್ಪ್ರಿಂಕ್ಲರ್ ಪೈಪು. ಮಣ್ಣು ಕೆರೆದು, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ ಕಟ್ಟಿದೆವು. ಹಳೆ ಗೋಣಿಗಳನ್ನು ಅಲ್ಲೇ ಬಿಟ್ಟೆವು. ಇಷ್ಟೆಲ್ಲ ಮಾಡಿಯೂ ಕೊನೆಯ ದಿನ ಕೈ ತಪ್ಪುವುದರಲ್ಲಿತ್ತು. ಲಾರಿಗೆ ತುಂಬುವ ಹುಡುಗರು ಬೆಳಿಗ್ಗೆ ಐದಕ್ಕೇ ಬಂದು, ಕಂಚು ತಾಮ್ರದ ಪಾತ್ರೆಗಳ ಎಡೆಗೆ, ಭರಣಿಗಳ ಸುತ್ತ, ಕಪಾಟಿನ ಅಡಿಗೆ ಮೆತ್ತಗೆ ಇರಲಿ ಅಂತ ತೋಟದಿಂದ ಅಡಿಕೆ ಸೋಗೆ ತಂದು ತುಂಬಿಸುತ್ತಿದ್ದರು. ನಮ್ಮ ಕಡೆ ಯಾವ ಸಾಮಾನು ಕಟ್ಟುವಾಗಲೂ ಮಾಡುವುದು ಹಾಗೆಯೇ, ಅವರ ತಪ್ಪಲ್ಲ. ನಾನು ಹಟ್ಟಿಯಲ್ಲಿ ದನದ ಹತ್ತಿರ ಇದ್ದೆ. ಬಂದು ನೋಡುವಾಗ ಅರ್ಧ ಲಾರಿ ಆಗಿದೆ. ಹಳದಿಯದ್ದು ಹಾಗಿರಲಿ, ಆ ಸೋಗೆಯಲ್ಲಿ ಎಲೆಚುಕ್ಕಿ ರೋಗದ ಕಲೆ ಕಣ್ಣಿಗೇ ಕಾಣುತ್ತಿತ್ತು. ಅದು ಶಿಲೀಂಧ್ರ, ಎಲೆಯಲ್ಲೇ ಕೂತಿರುವುದು. ಎಲ್ಲ ಇಳಿಸಿ ಅಂದೆ. ಹುಡುಗರು ನನ್ನ ಮುಖ ನೋಡಿದರು. ಮಗನೂ ನೋಡಿದ. ಇಳಿಸಿ, ಸೋಗೆ ಪೂರ್ತಿ ತೆಗೆದು, ಮನೆಯಲ್ಲಿದ್ದ ಹಳೆ ಬೆಡ್‌ಶೀಟು, ಸೀರೆ, ಪೇಪರು ಎಲ್ಲ ಸುತ್ತಿ ಮತ್ತೆ ತುಂಬಿಸುವಾಗ ಹನ್ನೊಂದು ಗಂಟೆ. ಕೂಲಿ ಹೆಚ್ಚು ಕೊಟ್ಟೆ. ಒಂದು ಭರಣಿ ಒಡೆದುಹೋಯಿತು, ಮೂರು ವರ್ಷದ ಹಳೆ ಮಿಡಿ. ಅದಕ್ಕೆ ಇವತ್ತಿಗೂ ಮನೆಯಲ್ಲಿ ನನ್ನ ಹೆಸರು ಹೇಳ್ತಾರೆ.

ಹಾಗಾಗಿ ಸಾಮಾನು ಕಟ್ಟಲಿಕ್ಕೆ ಬೇಕಾದ ಬಟ್ಟೆ, ರಟ್ಟು, ಪೇಪರು ಒಂದು ತಿಂಗಳ ಮೊದಲೇ ಒಟ್ಟು ಮಾಡಿ ಇಟ್ಟುಕೊಳ್ಳಿ, ತುಂಬುವವರಿಗೆ ಹಿಂದಿನ ದಿನವೇ ಹೇಳಿ. ಬೆಳಗಿನ ಗಡಿಬಿಡಿಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಶಿರಾಡಿ, ಸಕಲೇಶಪುರ, ಹಾಸನ, ಅರಸೀಕೆರೆ ದಾಟಿ ಮನೆ ಮುಟ್ಟುವಾಗ ಕತ್ತಲಾಗಿತ್ತು. ದನಗಳು ಒಂದು ದಿನ ಪೂರ್ತಿ ಆ ನೀರು ಮೂಸಿ ಬಿಟ್ಟವು, ಮಾರನೇ ದಿನ ಬೆಲ್ಲ ಹಾಕಿ ಕೊಟ್ಟೆವು. ನಾವು ಒಯ್ದದ್ದರಲ್ಲಿ ಅರ್ಧ ಸಾಮಾನು ಬೇಡದ್ದು ಅಂತ ತಿಂಗಳೊಳಗೆ ಗೊತ್ತಾಯಿತು. ಅಲ್ಲಿ ಚಾಲಿ ಇಲ್ಲ, ಎಲ್ಲ ಕೆಂಪಡಿಕೆ. ಹಸಿ ಗೊನೆಯನ್ನೇ ಖೇಣಿಗೆ ಕೊಡುವವರು ಹೆಚ್ಚು. ನನ್ನ ಅಡಿಕೆ ಸುಲಿಯುವ ಮಣೆಗಳು, ಅಂಗಳಕ್ಕೆ ಹಾಸುವ ದೊಡ್ಡ ಟರ್ಪಾಲು, ಮಳೆಗಾಲದ ಸೌದೆಗೆ ಮಾಡಿದ ಕಬ್ಬಿಣದ ಅಟ್ಟ, ಎಲ್ಲ ಮೂಲೆಯಲ್ಲಿವೆ. ಸಾಲದೆ ಬಂದದ್ದು ಕುಚ್ಚಲಕ್ಕಿ. ಮೂರು ತಿಂಗಳಿಗೆ ಅಂತ ತಂದದ್ದು ಎರಡೇ ತಿಂಗಳಲ್ಲಿ ಮುಗಿಯಿತು. ಅಮ್ಮನಿಗೆ ಮುದ್ದೆ ಇಳಿಯುವುದಿಲ್ಲ, ಮೊಮ್ಮಕ್ಕಳು ಬೇಗ ಕಲಿತರು.

ಸಸಿಯನ್ನು ಅಲ್ಲಿಯದೇ ತಾಲೂಕಿನಲ್ಲಿ, ತಾಯಿಮರವನ್ನು ಕಣ್ಣಿನಿಂದ ನೋಡಿ, ಆ ತೋಟದವರ ಹತ್ತಿರವೇ ಗೋಟು ತೆಗೆದುಕೊಂಡು ನಾವೇ ಮಾಡಿಕೊಂಡೆವು. ಒಂದು ವರ್ಷ ತಡವಾಯಿತು. ಆ ಒಂದು ವರ್ಷವನ್ನು ಉಳಿಸಲಿಕ್ಕೆಂದೇ ಎಷ್ಟೋ ಜನ ಲಾರಿಯಲ್ಲಿ ಸಸಿ ತುಂಬಿಸುವುದು ಎಂಬುದು ನನಗೆ ಗೊತ್ತು. ಮೂವತ್ತು ನಲ್ವತ್ತು ವರ್ಷ ಬಾಳಬೇಕಾದ ತೋಟಕ್ಕೆ ಒಂದು ವರ್ಷ ಯಾವ ಲೆಕ್ಕ?

ದನಕ್ಕೆ ಕಾಗದ ಕೇಳುವ ಹಾಗೆ ಸಸಿಗೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ತೋಟದ ಬೀಜ, ಯಾವ ನರ್ಸರಿ, ಅಲ್ಲಿಯ ಸ್ಥಿತಿ ಎಂತ ಅಂತ ತೋಟಗಾರಿಕೆ ಇಲಾಖೆಯ ಒಂದು ಚೀಟಿ ಇಲ್ಲದೆ ಸಾವಿರಗಟ್ಟಲೆ ಸಸಿ ಜಿಲ್ಲೆಯಿಂದ ಜಿಲ್ಲೆಗೆ ಹೋಗುವುದು ಸರಿಯಲ್ಲ. ಇದರಿಂದ ನರ್ಸರಿಯವರಿಗೆ ತೊಂದರೆ ಅಂತ ಕೆಲವರು ಹೇಳಬಹುದು. ಒಳ್ಳೆ ನರ್ಸರಿಯವರಿಗೆ ಅದರಿಂದ ಬೆಲೆಯೇ ಹೆಚ್ಚಾದೀತು. ಇಲಾಖೆ ಮಾಡುವವರೆಗೆ ಕಾಯುವುದೂ ಬೇಡ. ಕೊಳ್ಳುವವರು "ಕೆಳಗಿನದ್ದು" ಎಂಬ ಉತ್ತರಕ್ಕೆ ತೃಪ್ತಿ ಪಡದೆ ಊರಿನ ಹೆಸರು ಕೇಳಿದರೆ ಅರ್ಧ ಕೆಲಸ ಆದೀತು. ನಾವು ರೋಗದ ಊರಿನಿಂದ ಹೊರಟವರು, ಕೇಳುವ ಮೊದಲೇ ಹೇಳಿಬಿಡಬೇಕು.

ನಮ್ಮ ಹಳೆ ಊರಿನಿಂದ ಇನ್ನೂ ಎರಡು ಮನೆಯವರು ಘಟ್ಟ ಹತ್ತುವ ತಯಾರಿಯಲ್ಲಿದ್ದಾರೆ. ಮೊನ್ನೆ ಒಬ್ಬರು ಫೋನು ಮಾಡಿ, ಲಾರಿಗೆ ಎಷ್ಟಾದೀತು ಅಂತ ಕೇಳಿ, ಮತ್ತೆ ಸ್ವಲ್ಪ ತಡೆದು, "ಅಣ್ಣ, ಹಿಂದಿನ ಬದಿಯಲ್ಲಿ ಹೇಗೂ ಜಾಗ ಉಳೀತದೆ, ಒಂದು ಇನ್ನೂರು ಸಸಿ ಹಾಕಿದರೆ ಆಗದಾ?" ಅಂದರು.

ಬೇಡ ಅಂದೆ. ಜಾಗ ಉಳಿದರೆ ಕುಚ್ಚಲಕ್ಕಿ ಹಾಕಿ ತನ್ನಿ, ನಮಗೂ ಒಂದು ಗೋಣಿ.